ಇಂದಿರಾನಗರದಲ್ಲಿ ಕನ್ನಡ ರ್ಯಾಪ್ ಶೋ: ಪದ ಕೇಳಿಸುತ್ತಾ? ಒಬ್ಬಳೇ ಹೋಗಬಹುದಾ? ಹೋಗಿಬಂದವರು ಹೇಳಿ

ತುಮಕೂರು_ತಟ್ಟೆಇಡ್ಲಿ:
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು, ವಯಸ್ಸು 20, ಬಿಕಾಂ ಕೊನೇ ವರ್ಷ. ಎರಡು ವರ್ಷದಿಂದ ಒಬ್ಬ ಕನ್ನಡ ರ್ಯಾಪರ್‌ನ ಕೇಳುತ್ತಿದ್ದೇನೆ. ಹೆಸರು ಬರೆಯಲ್ಲ, ಬರೆದರೆ ಇಲ್ಲಿ ಅದೇ ಜಗಳ ಆಗುತ್ತದೆ. ಲೇಬಲ್ ಇಲ್ಲ, ಸಿನಿಮಾ ಇಲ್ಲ. ತಾನೇ ಬರೆದು, ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತಾನೆ. ಬೀಟ್ ಸಾಧಾರಣ, ನಾನು ಕೇಳೋದು ಪದಗಳಿಗೋಸ್ಕರ. ಕೆಲವು ಸಾಲು ಕಾಸ್ಟ್ ಅಕೌಂಟಿಂಗ್ ನೋಟ್ಸ್‌ನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ತಿಂಗಳು ಶನಿವಾರ ಇಂದಿರಾನಗರದ ಒಂದು ಪಬ್‌ನಲ್ಲಿ ಅವನ ಶೋ. 8 ಗಂಟೆಗೆ ಒಳಗೆ ಬಿಡುತ್ತಾರಂತೆ. ಟಿಕೆಟ್ 499. ಮೂರೇ ಪ್ರಶ್ನೆ: ಎದುರಿಗೆ ಕೇಳಿದಾಗ ಪದ ಅರ್ಥ ಆಗುತ್ತಾ? ಒಬ್ಬಳೇ ಹೋದರೆ ಪರವಾಗಿಲ್ವಾ? ಆ ಹೊತ್ತಲ್ಲಿ ವಾಪಸ್ ತುಮಕೂರಿಗೆ ಬಸ್ ಇರುತ್ತಾ? ಅಮ್ಮನಿಗೆ ಇನ್ನೂ ಹೇಳಿಲ್ಲ.

ಕನ್ಸೋಲ್_ಪಕ್ಕ:
ಮೊದಲನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ದುಡ್ಡು ಕೊಟ್ಟು ಕಲಿತದ್ದು. 2017ರಲ್ಲಿ ನನ್ನ ಮೊದಲ ಶೋ. ಆಫೀಸಿಂದ ಐದಕ್ಕೇ ಎದ್ದು, ಎಲ್ಲರಿಗಿಂತ ಮೊದಲು ಹೋಗಿ, ಸ್ಟೇಜಿಗೆ ಎದೆ ಒರಗಿಸಿ ನಿಂತೆ. ಸ್ಟೇಜ್ ಕೆಳಗೇ ಸಬ್‌ವೂಫರ್ ಅನ್ನೋ ದಪ್ಪ ದನಿಯ ಸ್ಪೀಕರ್ ಇಟ್ಟಿದ್ದರು, ನೇರ ನನ್ನ ಮೊಣಕಾಲಿಗೆ. ಒಂದೂಕಾಲು ಗಂಟೆ ನಾನು ಕೇಳಿದ್ದು ದಬ್ ದಬ್ ದಬ್. ರ್ಯಾಪರ್‌ನ ತುಟಿ ಅಲ್ಲಾಡುತ್ತಿತ್ತು ಅಷ್ಟೇ. ಎಲ್ಲ ಹಾಡೂ ಬಾಯಿಪಾಠ ಇದ್ದವನು ನಾನು, ಯಾವ ಹಾಡು ನಡೆಯುತ್ತಿದೆ ಅಂತ ತಿಳಿಯಲು ಹುಕ್, ಅಂದರೆ ಮತ್ತೆ ಮತ್ತೆ ಬರುವ ಸಾಲು, ಬರುವ ತನಕ ಕಾಯಬೇಕಾಯಿತು. ದನಿ ಬರುವುದು ಎರಡು ಬದಿಯಲ್ಲಿ ಎತ್ತರಕ್ಕೆ ಇಟ್ಟ ಸ್ಪೀಕರ್‌ಗಳಿಂದ. ಮಧ್ಯೆ ಮುಂದೆ ನಿಂತವನ ತಲೆ ಮೇಲೆ ಹಾದು ಅದು ಹಿಂದಕ್ಕೆ ಹೋಗುತ್ತದೆ.

ಆವತ್ತಿನ ಲೆಕ್ಕ ಇನ್ನೂ ನೆನಪಿದೆ. ಟಿಕೆಟ್ 300. ರಾಜಾಜಿನಗರದಿಂದ ಆಟೋ 260. ಒಳಗೆ ಒಂದು ಕೋಕ್ 180, ಅದರಲ್ಲಿ ಅರ್ಧ ಐಸ್. ಯಾರೋ ಬೆನ್ನ ಮೇಲೆ ಬಿಯರ್ ಚೆಲ್ಲಿದ ಅಂಗಿ, ಡ್ರೈಕ್ಲೀನ್ 120. ವಾಪಸ್ ಆಟೋ 400, ಮೀಟರ್ ಹಾಕಿ ಅಂದದ್ದಕ್ಕೆ ಬೈಗುಳ ಬಿಟ್ಟಿ. ಒಟ್ಟು 1,260 ರೂಪಾಯಿಗೆ ಒಂದು ಸಾಲೂ ಕೇಳಿಸಲಿಲ್ಲ.

ಆಮೇಲೆ ಕಲಿತೆ. ಸೌಂಡ್ ಇಂಜಿನಿಯರ್ ತನ್ನ ಕನ್ಸೋಲ್ ಇಟ್ಟು ಕೂತ ಜಾಗ ನೋಡಿ, ಅವನ ಪಕ್ಕ ನಿಲ್ಲಿ. ಅವನು ತನ್ನ ಕಿವಿಗೆ ಸರಿ ಬರುವ ಹಾಗೆ ತಿರುಗಿಸುತ್ತಿರುತ್ತಾನೆ, ಆ ಜಾಗದಲ್ಲಿ ನಿಮಗೂ ಸರಿ ಇರುತ್ತದೆ. ಆದರೂ ರ್ಯಾಪರ್ ಮೈಕಿನ ಜಾಲರಿಯನ್ನ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಮುಗೀತು. ಮಡಕೆಯೊಳಗಿಂದ ಮಾತಾಡಿದ ಹಾಗೆ. ಕ, ತ, ಪ ಎಲ್ಲ ಒಂದೇ.

ಎರಡು_ಟೀಶರ್ಟ್:
ಇಂಥ ಕಾಮೆಂಟ್ ಓದಿ ಹುಡುಗಿ ಹೆದರಿ ಮನೆಯಲ್ಲೇ ಕೂರುತ್ತಾಳೆ ಅಷ್ಟೇ. ತಂಗಿ, ಮುಂದೇ ನಿಲ್ಲು. ಕೇಳಿಸದಿದ್ದರೆ ನೀನು ಹೇಳು, ಪದ ನಿನಗೆ ಗೊತ್ತಿದೆಯಲ್ಲ. ನಾನು ನಾಲ್ಕು ಶೋಗೆ ಹೋಗಿದ್ದೇನೆ, ನಾಲ್ಕಕ್ಕೂ ಪೂರ್ತಿ ದುಡ್ಡು ಕೊಟ್ಟು. ಬಿಟ್ಟಿ ಬಿಡುವ ಗೆಸ್ಟ್ ಲಿಸ್ಟ್‌ಗೆ ಹೆಸರು ಹಾಕಿ ಅಂತ ಯಾರ ಕಾಲೂ ಹಿಡಿದಿಲ್ಲ. ಕಳೆದ ವರ್ಷ ಬಾಗಿಲ ಹತ್ತಿರ ಮೇಜು ಹಾಕಿ ರ್ಯಾಪರ್‌ನ ತಂಗಿಯೇ ಟೀಶರ್ಟ್ ಮಾರುತ್ತಿದ್ದಳು, ಒಂದಕ್ಕೆ 799. ಎರಡು ತಗೊಂಡೆ. ನನ್ನ ಸೈಜ್ ಇರಲಿಲ್ಲ, ಆದರೂ ತಗೊಂಡೆ. ಮೊದಲ ಒಗೆತಕ್ಕೇ ಎದೆ ಮೇಲಿನ 'ಳ' ಉದುರಿಹೋಯಿತು, ಎರಡನೇ ಒಗೆತಕ್ಕೆ ಒತ್ತಕ್ಷರಗಳೆಲ್ಲ. ಈಗ ಅದರ ಮೇಲೆ ಏನು ಬರೆದಿದೆ ಅಂತ ನನಗೊಬ್ಬನಿಗೇ ಗೊತ್ತು. ಬೇಜಾರಿಲ್ಲ. ಸ್ವತಂತ್ರವಾಗಿ ಮಾಡುವ ಕಲಾವಿದನ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುವವನು ಮನುಷ್ಯನೇ ಅಲ್ಲ.

ಕನ್ಸೋಲ್_ಪಕ್ಕ:
ಗುರು, ನಾನು ಹೋಗಬೇಡಿ ಅಂದಿಲ್ಲ. ಎಲ್ಲಿ ನಿಲ್ಲಬೇಕು ಅಂದೆ. ನನ್ನ ಪದ ನಾನೇ ಹೇಳಿಕೊಳ್ಳೋಕೆ 499 ಯಾಕೆ ಕೊಡಲಿ? ಬಚ್ಚಲಲ್ಲಿ ಹೇಳುತ್ತೇನೆ.

ಇನ್ನೊಂದು ಮಾತು. ಈಗೀಗ ಹಿಂದಿನಿಂದ ರೆಕಾರ್ಡ್ ಮಾಡಿದ ದನಿಯೂ ಸೇರಿ ಪೂರ್ತಿ ಹಾಡು ಪ್ಲೇ ಆಗುತ್ತಿರುತ್ತದೆ. ಇವರು ಸಾಲಿನ ಕೊನೇ ಪದ ಮಾತ್ರ ಕೂಗುತ್ತಾರೆ. ಮಧ್ಯೆ 'ಬೆಂಗಳೂರು, ಕೈ ಮೇಲೆತ್ತಿ' ಅಂತ ಕೂಗು. ಪದದ ರ್ಯಾಪರ್ ಅಂತೆ!

ಮಾಜಿ_ಎಂಸಿ:
ಬಂದರು ನೋಡಿ, ಸ್ಟೇಜ್ ಹತ್ತದ ಪಂಡಿತರು. ನಾನು 2016ರಿಂದ 2019ರ ತನಕ ಮೈಕ್ ಹಿಡಿದವನು, ಹೇಳುತ್ತೇನೆ ಕೇಳಿ. ಸ್ಟುಡಿಯೋದಲ್ಲಿ 16 ಸಾಲಿನ ಪದ್ಯವನ್ನ ತುಂಡು ತುಂಡಾಗಿ ರೆಕಾರ್ಡ್ ಮಾಡಬಹುದು, ಉಸಿರು ಕತ್ತರಿಸಿ ತೆಗೆಯಬಹುದು. ಸ್ಟೇಜಲ್ಲಿ ಕುಣಿದು, ಜನರ ಜೊತೆ ಮಾತಾಡಿ, ಅದೇ ವೇಗದಲ್ಲಿ 45 ನಿಮಿಷ ಹೇಳಿ ನೋಡಿ. ಅದಕ್ಕೇ ಹಿಂದೆ ಸ್ವಲ್ಪ ದನಿ ಇಟ್ಟುಕೊಳ್ಳೋದು, ಅದಕ್ಕೇ ಪಕ್ಕದಲ್ಲಿ ಒಬ್ಬ ಹುಡುಗ ಸಾಲಿನ ತುದಿ ಹಿಡಿಯೋದು. ಮೋಸ ಅಲ್ಲ ಅದು. ಪೂರ್ತಿ ದನಿ ಬಿಟ್ಟು ಬಾಯಿ ಆಡಿಸಿದರೆ ಮೋಸ, ಒಪ್ಪುತ್ತೇನೆ.

ನನ್ನ ಕಡೇ ಶೋ ಲೆಕ್ಕ ಹೇಳಲಾ? ಒಪ್ಪಂದ ಏನು ಅಂದರೆ ಬಾಗಿಲಲ್ಲಿ ಬಂದ ದುಡ್ಡಲ್ಲಿ ಅರ್ಧ ನಮಗೆ, ಅದೂ ಸೌಂಡ್ ಬಾಡಿಗೆ ಕಳೆದ ಮೇಲೆ. ಬಂದವರು 43 ಜನ. ಅದರಲ್ಲಿ 19 ಜನ 'ಮಗಾ ಲಿಸ್ಟಲ್ಲಿ ಹೆಸರು ಹಾಕು' ಅಂದವರು, ಎಲ್ಲ ಸ್ನೇಹಿತರೇ. 24 ಟಿಕೆಟ್, ಒಂದಕ್ಕೆ 250, ಆರು ಸಾವಿರ. ಸೌಂಡ್ ಬಾಡಿಗೆ 3,500. ಉಳಿದ ಎರಡೂವರೆ ಸಾವಿರದಲ್ಲಿ ಅರ್ಧ 1,250. ಇನ್ನೂರು ಡಿಜೆ ಹುಡುಗನ ಆಟೋಗೆ, 650 ನಾವು ಮೂವರು ತಿಂದ ಬಿಲ್, ಅದನ್ನೂ ಹಿಡಿದುಕೊಂಡೇ ಕೊಟ್ಟರು. ಕೈಗೆ ಬಂದದ್ದು 400. ಆ 45 ನಿಮಿಷದ ಪದ ಬರೆಯಲು ನನಗೆ ಎರಡು ವರ್ಷ ಹಿಡಿದಿತ್ತು. ಮಾರನೇ ವಾರ ಕೆಲಸಕ್ಕೆ ಅರ್ಜಿ ಹಾಕಿದೆ. ಈಗ ಇನ್ಶೂರೆನ್ಸ್ ಕಂಪನಿಯಲ್ಲಿದ್ದೇನೆ, ಚೆನ್ನಾಗಿದ್ದೇನೆ, ಕೇಳಬೇಡಿ.

ಆಮೇಲೆ ಈ 499. ಯಾಕೆ 499, 550 ಯಾಕಲ್ಲ ಅಂತ ಯಾರಾದರೂ ಯೋಚಿಸಿದ್ದೀರಾ? ಸಂಗೀತ ಕಾರ್ಯಕ್ರಮದ ಟಿಕೆಟ್ ತಲೆಗೆ 500ರ ತನಕ ಇದ್ದರೆ ಜಿಎಸ್‌ಟಿ ಇಲ್ಲ. ಒಂದು ರೂಪಾಯಿ ದಾಟಿದರೂ 18 ಪರ್ಸೆಂಟ್. ಬಾಟಾ ಚಪ್ಪಲಿ ರೇಟಿನ ತರ ಕಂಡರೂ ವಿಷಯ ಇದು.

ಎರಡು_ಟೀಶರ್ಟ್:
ನನಗೆ ಟಿಕೆಟ್ ಮೇಲೆ ಬುಕಿಂಗ್ ಚಾರ್ಜ್ ಅಂತ ಹಾಕಿದ್ದರಲ್ಲ? 50 ಚಿಲ್ಲರೆ.

ಮಾಜಿ_ಎಂಸಿ:
ಅದು ಟಿಕೆಟ್ ಮಾರುವ ಆ್ಯಪ್‌ನವರದು, ಅದರ ಮೇಲೆ ತೆರಿಗೆ ಬೇರೆ. ಅದರಲ್ಲಿ ರ್ಯಾಪರ್‌ಗೆ ಒಂದು ಪೈಸೆ ಬರಲ್ಲ. ಸಾಧ್ಯವಾದರೆ ಬಾಗಿಲಲ್ಲೇ ಕೊಂಡುಕೊಳ್ಳಿ.

ಕಲ್ಗಿ_ತುರಾಯಿ:
ನಾ ಹುಬ್ಬಳ್ಳಿಯಾಂವ. ಇಲ್ಲೆ ಎಲ್ಲಾರಿಗೂ ತಿಳೀಲಿ ಅಂತ ಪುಸ್ತಕದ ಕನ್ನಡದಾಗ ಬರೀತೀನಿ, ಅದಕ್ಕೂ ನಗಬ್ಯಾಡ್ರಿ ಮತ್ತ.

ಒಂದು ಶೋ ನೋಡಲು ನಾನು 400 ಕಿಲೋಮೀಟರ್ ಬಂದವನು. ರಾತ್ರಿ ಸ್ಲೀಪರ್ ಬಸ್, ಹೋಗಿ ಬರಲು 1,900. ಬೆಳಗ್ಗೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದೆ, ಶೋ ರಾತ್ರಿ ಎಂಟೂವರೆಗೆ. ನಡುವೆ ಹದಿನಾಲ್ಕು ತಾಸು ಎಲ್ಲಿ ಹೋಗಲಿ? ಲಾಡ್ಜ್‌ನಲ್ಲಿ ಸ್ನಾನಕ್ಕೆ ಅಂತ ಎರಡು ತಾಸಿಗೆ 500 ಕಿತ್ತರು. ಕಬ್ಬನ್ ಪಾರ್ಕ್‌ನಲ್ಲಿ ಮಲಗಿದೆ. ಅಲ್ಲಿ ಒಂದು ಮರದ ಕೆಳಗೆ ಹುಡುಗರು ದುಂಡಗೆ ನಿಂತು ಒಬ್ಬರಾದ ಮೇಲೆ ಒಬ್ಬರು ರ್ಯಾಪ್ ಹೇಳುತ್ತಿದ್ದರು. ಮೈಕ್ ಇಲ್ಲ, ಟಿಕೆಟ್ ಇಲ್ಲ, ಒಬ್ಬ ಬಾಯಲ್ಲೇ ಬೀಟ್ ಹೊಡೆಯುತ್ತಿದ್ದ. ಖರೇ ಹೇಳಬೇಕಂದರೆ ಆವತ್ತು ಪದ ಅಂತ ಸ್ಪಷ್ಟ ಕೇಳಿಸಿದ್ದು ಅಲ್ಲೇ.

ರಾತ್ರಿ ಶೋದಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಮೊದಲಿಗೆ ಹತ್ತಿದ. ನಮ್ಮ ಮಾತಿನಲ್ಲೇ ಹೇಳಿದ. 'ಅಂವ', 'ಹೌದಲ್ಲ', 'ಯಾಕಂದ್ರ' ಅಂದ ಕೂಡಲೇ ನನ್ನ ಹಿಂದಿದ್ದ ನಾಲ್ಕು ಮಂದಿ ಕಿಸಿಕಿಸಿ ನಕ್ಕರು. ಅವನು ಹೇಳುತ್ತಿದ್ದದ್ದು ಅವ್ವ ಹೊಲ ಮಾರಿದ ಕಥೆ ರೀ. ನಗುವಂಥದ್ದು ಏನಿತ್ತು? ಸಿನಿಮಾದಲ್ಲಿ ನಮ್ಮ ಭಾಷೆ ಅಂದರೆ ಹಾಸ್ಯ ಅಂತ ನಿಮಗೆ ರೂಢಿ ಆಗಿದೆ, ಅದಕ್ಕೆ.

ಮತ್ತೆ ರ್ಯಾಪ್ ಬ್ಯಾಟಲ್ ಅಮೆರಿಕದಿಂದ ಬಂತು ಅಂತ ಯಾರೂ ಹೇಳಬೇಡಿ. ನಮ್ಮಲ್ಲಿ ಗೀಗೀ ಮೇಳದಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ. ಒಬ್ಬರು ಗಂಡು ಹೆಚ್ಚು ಅಂತ, ಇನ್ನೊಬ್ಬರು ಹೆಣ್ಣು ಹೆಚ್ಚು ಅಂತ. ದಪ್ಪು, ತುಂತುಣಿ, ತಾಳ, ಇಷ್ಟೇ ವಾದ್ಯ. ರಾತ್ರಿ ಪೂರ್ತಿ ಸವಾಲ್ ಜವಾಬ್. ನಮ್ಮ ಅಜ್ಜ ಕಂಬಳಿ ಹೊದ್ದು ಬೆಳಗಿನ ತನಕ ಕೂತಿರುತ್ತಿದ್ದ, ಒಂದು ಪದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಎರಡು_ಟೀಶರ್ಟ್:
ಅಣ್ಣ, ಅದು ಜಾನಪದ, ಇದು ಹಿಪ್ ಹಾಪ್. ಎರಡನ್ನೂ ಯಾಕೆ ಕಲಸುತ್ತೀರಿ?

ಕಲ್ಗಿ_ತುರಾಯಿ:
ಎದುರಿಗಿದ್ದವನನ್ನು ಪ್ರಾಸದಲ್ಲಿ ಹೊಡೆದು ಕೂರಿಸೋದು ಎರಡರಲ್ಲೂ ಅದೇ ಅಲ್ಲೇನ್ರಿ. ಟೋಪಿ ತಿರುಗಿಸಿ ಹಾಕಿದರೆ ಮಾತ್ರ ಹಿಪ್ ಹಾಪ್ ಏನು?

ನಿವೃತ್ತ_ಮೇಷ್ಟ್ರು:
ಪ್ರಾಸ ಅಂದಿರಿ, ಅದಕ್ಕೆ ಬಂದೆ. ಮಗನ ಜೊತೆ ಮೈಸೂರಿನ ಒಂದು ಕಾಲೇಜು ಮೈದಾನದಲ್ಲಿ ಇಂಥದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಏಳಕ್ಕೆ ಅಂದದ್ದು ಒಂಬತ್ತೂಕಾಲಿಗೆ ಶುರುವಾಯಿತು. ಬಯಲಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಹತ್ತು ಹೊಡೆಯುತ್ತಿದ್ದ ಹಾಗೆ ಪೊಲೀಸರು ಬಂದು ನಿಲ್ಲಿಸಿದರು, ಹುಡುಗ ಅರ್ಧ ಸಾಲಿನಲ್ಲಿದ್ದ. ಕೊಟ್ಟ 200 ರೂಪಾಯಿಗೆ 45 ನಿಮಿಷ. ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದಿತ್ತು, ನಾಲ್ಕು ದಿನ ಸೊಂಟ ಹಿಡಿದಿತ್ತು.

ಈಗ ಪ್ರಾಸದ ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ನೋಡ್ತೀನಿ, ಹಾಡ್ತೀನಿ, ಓಡ್ತೀನಿ ಅಂತ ಸಾಲು ಮುಗಿಸಿದರೆ ತಾನಾಗೇ ಕೂಡುತ್ತದೆ. ಅದು ಪ್ರಾಸ ಅಲ್ಲ, ಕ್ರಿಯಾಪದದ ಬಾಲ. ನಮ್ಮ ಹಳೆಯ ಕವಿಗಳು ಪ್ರಾಸ ಇಟ್ಟದ್ದು ಸಾಲಿನ ಎರಡನೇ ಅಕ್ಷರದಲ್ಲಿ. ಒಂದು ಸಾಲು ಬೆನ್ನು ಅಂತ ಶುರುವಾದರೆ ಮುಂದಿನದು ಹೊನ್ನು, ಅದರ ಮುಂದಿನದು ಚಿನ್ನ. ಕಷ್ಟದ ಕೆಲಸ. ಇವತ್ತಿನ ಹುಡುಗರಲ್ಲಿ ಮುಕ್ಕಾಲು ಜನ ಬಾಲ ಹಿಡಿದೇ ನೇತಾಡುತ್ತಿದ್ದಾರೆ.

ಮಾಜಿ_ಎಂಸಿ:
ಸರ್, ನೀವು ಹೇಳಿದ್ದು ಅರ್ಧ ನಿಜ. ಒಳ್ಳೇ ಬರೆಯೋವರು ಕ್ರಿಯಾಪದವನ್ನ ಮುಂದಕ್ಕೆ ಎಳೆದು ಹೆಸರಿನ ಮೇಲೆ ಸಾಲು ಮುಗಿಸುತ್ತಾರೆ. ನಾವು ಮಾತಾಡುವಾಗಲೂ ಹಾಗೇ ಅಲ್ವಾ, 'ತಿಂದ ನೋಡು ಮೂರು ಇಡ್ಲಿ' ಅಂತೀವಿ. ಸಾಲಿನ ನಡುವೆಯೂ ಪ್ರಾಸ ಸಿಗಿಸುತ್ತಾರೆ. ಮುರಿದ ಕುರ್ಚಿ ಮೇಲೆ ಕೂತು ಅದೆಲ್ಲ ಹೇಗೆ ಕೇಳಿಸಬೇಕು ನಿಮಗೆ? ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಟ್ಟರೆ ತೋರಿಸುತ್ತೇನೆ.

ನಿವೃತ್ತ_ಮೇಷ್ಟ್ರು:
ಕಾಗದದ ಮೇಲೆ ತೋರಿಸಬೇಕಾದರೆ ಕಾರ್ಯಕ್ರಮ ಯಾಕಪ್ಪ?

ಕನ್ಸೋಲ್_ಪಕ್ಕ:
ಮೇಷ್ಟ್ರಿಗೆ ನನ್ನ ಓಟು. ಮಾಜಿ ಅವರು ಎಲ್ಲದಕ್ಕೂ ಸಿಟ್ಟಾಗುತ್ತಾರೆ. ದುಡ್ಡು ಹುಟ್ಟದ ಸಿಟ್ಟನ್ನ ಕೇಳೋವರ ಮೇಲೆ ತೀರಿಸಿಕೊಳ್ಳಬಾರದು.

ಮಾಜಿ_ಎಂಸಿ:
ನೀವು 300 ಕೊಟ್ಟದ್ದನ್ನ ಇಷ್ಟು ವರ್ಷ ಆದಮೇಲೂ ಕೋಕ್‌ನ ಐಸ್ ಸಮೇತ ನೆನಪಿಟ್ಟುಕೊಂಡಿದ್ದೀರಿ. ನಾನು ಪದ ಬರೆದ ಎರಡು ವರ್ಷವನ್ನ ನೆನಪಿಟ್ಟುಕೊಂಡರೆ ಸಿಟ್ಟಾ?

ಪಿಜಿ_ಗೇಟು:
ಹುಡುಗಿ ಒಬ್ಬಳೇ ಹೋಗಬಹುದಾ ಅಂತ ಕೇಳಿದ್ದಾಳೆ, ನೀವು ಪ್ರಾಸ ಅಳೆಯುತ್ತಿದ್ದೀರಿ. ಒಬ್ಬಳೇ ಹೋದವಳು ನಾನು, ಹೇಳುತ್ತೇನೆ. ಒಳಗೆ ಏನೂ ತೊಂದರೆ ಆಗಲಿಲ್ಲ. ಪದ ಕೇಳೋಕೆ ಬರುವ ಜನ ಸುಮ್ನೆ ಅವರ ಪಾಡಿಗೆ ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿರುತ್ತಾರೆ. ಬ್ಯಾಗ್ ಒಳಗೆ ಬಿಡಲಿಲ್ಲ, ನೀರಿನ ಬಾಟಲಿ ಹೊರಗೇ ಬಿಸಾಡಿಸಿದರು, ಒಳಗೆ ಅದೇ ನೀರು 120.

ನನಗೆ ಪೆಟ್ಟು ಬಿದ್ದದ್ದು ಎರಡು ಕಡೆ. ಒಂದು, ಕಿವಿ. ಸ್ಪೀಕರ್ ಪಕ್ಕ ನಿಂತಿದ್ದೆ. ಹೊರಗೆ ಬಂದಾಗ ರಸ್ತೆಯೆಲ್ಲ ಹತ್ತಿ ಸುತ್ತಿದ ಹಾಗೆ, ಆಟೋದವನು ಏನು ಕೇಳಿದ ಅಂತಲೇ ಗೊತ್ತಾಗಲಿಲ್ಲ. ರಾತ್ರಿ ಮಲಗಿದರೆ ಬಲಗಿವಿಯಲ್ಲಿ ಗುಂಯ್ ಅಂತ ಒಂದೇ ಸಮ. ಮೂರು ದಿನ ಹೋಗಲಿಲ್ಲ. ಕಿವಿ ಡಾಕ್ಟರಿಗೆ 800, ಕಿವಿ ಪರೀಕ್ಷೆಗೆ 1,200, ಮಾತ್ರೆ 340. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದಂತೆ, 100 ಆದರೆ ಕಾಲು ಗಂಟೆ ಅಷ್ಟೇ ಅಂತ ಡಾಕ್ಟರ್ ಹೇಳಿದರು. ಶೋ ಎರಡು ಗಂಟೆ ಇತ್ತು. ಈಗ ಮೆಡಿಕಲ್ ಶಾಪಿನ ಸ್ಪಂಜಿನ ಬಿರಡೆ ಹಾಕಿಕೊಂಡು ಹೋಗುತ್ತೇನೆ, ಜೋಡಿಗೆ 60. ಅಬ್ಬರ ಇಳಿಯುತ್ತದೆ, ಆದರೆ ಮಾತೂ ಸ್ವಲ್ಪ ಮಂಕಾಗುತ್ತದೆ. ಸಂಗೀತಗಾರರು ಹಾಕುವಂಥದ್ದು ಬೇರೆ ಬರುತ್ತದೆ, ಅದು ವಾಸಿ, ರೇಟು ಜಾಸ್ತಿ.

ಎರಡನೇದು ಪಿಜಿ ಗೇಟು. ಹತ್ತೂವರೆಗೆ ಬೀಗ. ನಾನು ಬಂದದ್ದು ಹನ್ನೆರಡೂಕಾಲಿಗೆ. ಆಂಟಿ ಫೋನ್ ಎತ್ತಲಿಲ್ಲ. ಪಕ್ಕದ ಎಟಿಎಂ ಒಳಗೆ ವಾಚ್‌ಮನ್ ಅಂಕಲ್ ಜೊತೆ ಕೂತಿದ್ದೆ, ನಾಲ್ಕೂವರೆ ತನಕ. ಅವರು ಯಾದಗಿರಿಯವರು. ಯಾವ ಹಾಡಿಗೆ ಹೋಗಿದ್ದೆ ಮಗಳೇ ಅಂದರು, ಫೋನಲ್ಲಿ ಹಾಕಿ ಕೇಳಿಸಿದೆ. 'ಹುಡುಗ ಜಗಳ ಆಡಾಕತ್ಯಾನ, ಹಾಡೋದು ಯಾವಾಗ?' ಅಂದರು.

ಕಲ್ಗಿ_ತುರಾಯಿ:
ವಾಚ್‌ಮನ್ ಮಾತು ಖರೇ ಐತಿ ಬಿಡ್ರಿ.

ಕಡೇ_ಮೆಟ್ರೋ:
ಬಸ್ಸಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ತುಮಕೂರಿಂದ ಬರುವಾಗ ಮೆಜೆಸ್ಟಿಕ್ ತನಕ ಬಸ್ಸಲ್ಲಿ ಬರಬೇಡಿ, ಯಶವಂತಪುರದಲ್ಲೇ ಮುಕ್ಕಾಲು ಗಂಟೆ ನಿಲ್ಲುತ್ತೀರಿ. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿ, ಇಂದಿರಾನಗರ. ವಾಪಸ್ಸಿಗೆ ನನ್ನ ಅನುಭವ ಕೇಳಿ. ಕಡೇ ರೈಲು ಹನ್ನೊಂದಕ್ಕೆ ಹೊರಡುತ್ತದೆ ಅನ್ನುತ್ತಾರೆ, ಹೌದು, ತುದಿಯ ನಿಲ್ದಾಣದಿಂದ. ನಾನು ಹೊರಗೆ ಬಂದು ಒಂದು ಚಹಾ ಕುಡಿದು ಹೋದೆ, ಶಟರ್ ಎಳೆಯುತ್ತಿದ್ದರು. 15 ರೂಪಾಯಿ ಚಹಾ ನನಗೆ 620 ರೂಪಾಯಿ ಕ್ಯಾಬ್ ಆಯಿತು. ಆವಾಗ ಬೈಕ್ ಟ್ಯಾಕ್ಸಿಯೂ ಬಂದ್, 2025ರ ಜೂನ್ ತಿಂಗಳು. ಮೆಜೆಸ್ಟಿಕ್‌ಗೆ ಹೇಗಾದರೂ ಸೇರಿದರೆ ಭಯ ಇಲ್ಲ. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಎಲ್ಲ ಬಸ್ಸೂ ತುಮಕೂರಿನ ದಾರಿಯೇ. ಆದರೆ ಹತ್ತುವ ಮೊದಲು ಕಂಡಕ್ಟರ್‌ನ ಕೇಳಿ. ತುಂಬ ಬಸ್ಸು ಊರೊಳಗೆ ಹೋಗಲ್ಲ, ಕ್ಯಾತ್ಸಂದ್ರದ ಹತ್ತಿರ ಹೈವೇಯಲ್ಲಿ ಇಳಿಸುತ್ತಾರೆ. ಶಕ್ತಿ ಯೋಜನೆ ಟಿಕೆಟ್ ಬೇಕಾದರೆ ಸಾದಾ ಬಸ್ಸೇ ಆಗಬೇಕು, ರಾಜಹಂಸಕ್ಕೆ ನಡೆಯಲ್ಲ.

ಎರಡು_ಟೀಶರ್ಟ್:
ಮೆಟ್ರೋ ಹೊಗಳಬೇಡಿ. 2025ರ ಫೆಬ್ರವರಿಯಲ್ಲಿ ಏರಿಸಿದ ಮೇಲೆ ಗರಿಷ್ಠ 60 ಇದ್ದದ್ದು 90 ಆಯಿತು. ಹೋಗಿ ಬರೋ ದುಡ್ಡಲ್ಲಿ ಕಲಾವಿದನಿಗೆ ಏನಾದರೂ ಕೊಡಬಹುದಿತ್ತು.

ಕಡೇ_ಮೆಟ್ರೋ:
ನಾನು ಹೊಗಳಿದ್ದು ಎಲ್ಲಿ? 620 ಕಳಕೊಂಡ ಕಥೆ ಹೇಳಿದೆ. ನಿಮಗೆ ಓದೋಕೆ ಬರುತ್ತೋ ಇಲ್ವೋ?

ಎರಡು_ಟೀಶರ್ಟ್:
ಚಹಾ ಕುಡಿಯೋಕೆ ಹೋದದ್ದು ಮೆಟ್ರೋ ತಪ್ಪಲ್ಲ, ನಿಮ್ಮದು.

ಆರಂಭದಿಂದ_ಇದ್ದೇನೆ:
ಇಲ್ಲಿ ಎಲ್ಲರೂ 'ಪದದ ರ್ಯಾಪ್' 'ಪದದ ರ್ಯಾಪ್' ಅಂತೀರಲ್ಲ, ಚಂದನ್ ಶೆಟ್ಟಿ, ಆಲ್ ಓಕೆ ಅನ್ನೋ ರ್ಯಾಪರ್‌ಗಳು ಮನೆಮನೆಗೆ ಕನ್ನಡ ರ್ಯಾಪ್ ಮುಟ್ಟಿಸದಿದ್ದರೆ ನಿಮ್ಮ ಹುಡುಗರಿಗೆ ಯಾರು ಕಿವಿ ಕೊಡುತ್ತಿದ್ದರು? ನಮ್ಮಮ್ಮನಿಗೆ ರ್ಯಾಪ್ ಅಂದರೆ ಏನು ಅಂತ ತಿಳಿದದ್ದೇ ಚಂದನ್ ಶೆಟ್ಟಿ ಬಿಗ್ ಬಾಸ್ ಐದನೇ ಸೀಸನ್ ಗೆದ್ದಾಗ.

ಮಾಜಿ_ಎಂಸಿ:
ಯಾರೂ ಅವರನ್ನ ಬೈದಿಲ್ಲವಲ್ಲ ಮಾರಾಯ್ರೇ. ಎಂಸಿ ಬಿಜ್ಜು, ರಾಹುಲ್ ಡಿಟ್-ಓ ಇವರನ್ನೂ ಕೇಳಿ ಅನ್ನೋದು ಅಷ್ಟೇ. ಬ್ರೋಧಾ ವಿ ಇದೇ ಊರಲ್ಲಿ ಇಂಗ್ಲಿಷಲ್ಲಿ ಹೇಳಿ ಬೆಳೆದರು, ಹನುಮಾನ್‌ಕೈಂಡ್ 2024ರಲ್ಲಿ ಲೋಕಕ್ಕೆಲ್ಲ ಗೊತ್ತಾದರು. ಕನ್ನಡದಲ್ಲಿ ಬರೆದರೆ ಮಾತ್ರ ಆ 43 ಜನ, ಅದರಲ್ಲಿ 19 ಬಿಟ್ಟಿ.

ಕನ್ಸೋಲ್_ಪಕ್ಕ:
ಮತ್ತೆ 43ಕ್ಕೇ ಬಂದರು.

ಆರಂಭದಿಂದ_ಇದ್ದೇನೆ:
ಯಾರಿಗಾದರೂ 2018 ನೆನಪಿದೆಯಾ? ಸಾರ್ವಜನಿಕ ಮನರಂಜನೆಯ ಲೈಸೆನ್ಸ್ ಬಗ್ಗೆ 2005ರ ಆದೇಶವನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಪೊಲೀಸರು ಪಬ್‌ಗಳಲ್ಲಿ ಲೈವ್ ಸಂಗೀತವನ್ನೇ ನಿಲ್ಲಿಸಿದರು. ನಾನು ಮೂರು ಟಿಕೆಟ್ ಕೊಂಡಿದ್ದೆ, ತಂಗಿಗೂ ಭಾವನಿಗೂ ಸೇರಿಸಿ. ಶೋ ಇಲ್ಲ. ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು, ಅದೂ ಚಾರ್ಜ್ ಮುರಿದುಕೊಂಡು. 11 ಸಲ ಮೇಲ್ ಹಾಕಿದ್ದೇನೆ, ಎಲ್ಲಾ ಇಟ್ಟುಕೊಂಡಿದ್ದೇನೆ. ಭಾವ ಇವತ್ತಿಗೂ ಹಬ್ಬಕ್ಕೆ ಬಂದಾಗ 'ಏನ್ರೀ, ಆ ರ್ಯಾಪ್ ಯಾವಾಗ?' ಅಂತ ಕೇಳುತ್ತಾರೆ. ಈಗ 499ಕ್ಕೆ ಶೋ ನಡೆಯುತ್ತಿದೆ ಅನ್ನೋದೇ ಪುಣ್ಯ.

ಸುಮ್ನೆ_ಓದೋನು:
ಒಂದು ವಾರದಿಂದ ಓದುತ್ತಿದ್ದೇನೆ, ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ತಟ್ಟೆಇಡ್ಲಿ ಅವರೇ, ನಿಮ್ಮ ಮೊದಲನೇ ಸಾಲಲ್ಲೇ ವಯಸ್ಸು 20 ಅಂತಿದೆ. ಶೋ ಇರೋದು ಪಬ್‌ನಲ್ಲಿ. ನಮ್ಮಲ್ಲಿ 21 ಆಗದೆ ಸಾಮಾನ್ಯವಾಗಿ ಒಳಗೆ ಬಿಡಲ್ಲ. ಬಾಗಿಲಲ್ಲಿ ಆಧಾರ್ ಕೇಳುತ್ತಾರೆ. ಟಿಕೆಟ್‌ನ ಕೆಳಗೆ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ, ನೋಡಿ.

ಪಿಜಿ_ಗೇಟು:
ಅಯ್ಯೋ. ನಾನು 24 ಇದ್ದಾಗ ಹೋದದ್ದು, ಹೊಳೆಯಲೇ ಇಲ್ಲ.

ಕಡೇ_ಮೆಟ್ರೋ:
ತಪ್ಪು. ಕಾನೂನಿನಲ್ಲಿ 18.

ಸುಮ್ನೆ_ಓದೋನು:
ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ಅಂತಿದೆ, ಲೈಸೆನ್ಸ್‌ನ ನಿಯಮದಲ್ಲಿ 21 ಅಂತಿದೆ. ಪಬ್‌ನವರು 21 ಹಿಡಿಯುತ್ತಾರೆ, ಲೈಸೆನ್ಸ್ ಅವರದ್ದಲ್ವಾ. 2023ರಲ್ಲಿ 18ಕ್ಕೆ ಇಳಿಸೋಕೆ ಸರ್ಕಾರ ಕರಡು ತಂದು, ಜನ ಬೇಡ ಅಂದಮೇಲೆ ಕೈಬಿಟ್ಟಿತು.

ಕಡೇ_ಮೆಟ್ರೋ:
ಅವಳೇನು ಕುಡಿಯೋಕೆ ಹೋಗುತ್ತಿದ್ದಾಳಾ? ಪದ ಕೇಳೋಕೆ.

ಸುಮ್ನೆ_ಓದೋನು:
ಅದನ್ನ ಬಾಗಿಲಲ್ಲಿ ನಿಂತ ಬೌನ್ಸರ್‌ಗೆ ಹೇಳಿ ಸರ್.

ಮಾಜಿ_ಎಂಸಿ:
ಇದು ನನಗೆ ಹೊಟ್ಟೆ ಉರಿಯುವ ವಿಷಯ. ಪದ ಬರೆದಿಟ್ಟುಕೊಳ್ಳುವವರು ಯಾರು? ಇಂಥ ಹುಡುಗಿಯರು, ಪಿಯುಸಿ ಹುಡುಗರು. ಒಳಗೆ ಬರುವವರು ಯಾರು? ಬಿಯರ್ ಕುಡಿಯಲು ಬಂದು ಬೆನ್ನು ತಿರುಗಿಸಿ ಮಾತಾಡುವವರು. ನಮಗೆ ಜಾಗ ಕೊಡೋದು ಪಬ್ ಮಾತ್ರ, ಯಾಕಂದರೆ ಅವರ ದುಡ್ಡು ಬಿಯರ್‌ನಲ್ಲಿ. ಚೆನ್ನೈನಲ್ಲಿ 2018ರ ಜನವರಿಯಲ್ಲಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಅನ್ನೋ ತಮಿಳು ಸಂಗೀತ ತಂಡ ಮೊದಲ ಶೋ ಮಾಡಿದ್ದು ಕಿಲ್ಪಾಕ್‌ನ ಒಂದು ಶಾಲೆಯ ಮೈದಾನದಲ್ಲಿ. ರ್ಯಾಪರ್ ಅರಿವು ಆ ತಂಡದಲ್ಲಿದ್ದವರು. ಮಕ್ಕಳು ಮರಿ ಎಲ್ಲ ಬರಬಹುದಾದ ಜಾಗ. ನಮ್ಮಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ ಇದೆ. ಅಲ್ಲಿ ಆರು ಗಂಟೆಗೆ ಶುರುಮಾಡಿ ಒಂಬತ್ತೂವರೆಗೆ ಮುಗಿಸಿದರೆ ಬಸ್ಸೂ ಸಿಗುತ್ತದೆ, ಪದವೂ ಕೇಳಿಸುತ್ತದೆ.

ಕನ್ಸೋಲ್_ಪಕ್ಕ:
ಇದೊಂದಕ್ಕೆ ನಾನೂ ಒಪ್ಪುತ್ತೇನೆ. ಆದರೆ ಬಯಲಲ್ಲಿ ಗಾಳಿ ಬೀಸಿದರೆ ಸೌಂಡ್ ತೇಲಿಹೋಗುತ್ತದೆ, ನನಗೆ ಒಂದು ಸಲ...

ಪಿಜಿ_ಗೇಟು:
ಬೇಡ ಅಣ್ಣ.

ತುಮಕೂರು_ತಟ್ಟೆಇಡ್ಲಿ:
ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್‌ನ ಕೆಳಗೆ ನೋಡಿದೆ, 21+ ಅಂತಿದೆ. ಮೊನ್ನೆ ಮೊದಲನೇ ಕಾಮೆಂಟ್ ಓದಿದ ತಕ್ಷಣ ಖುಷಿಯಲ್ಲಿ ಬುಕ್ ಮಾಡಿಬಿಟ್ಟಿದ್ದೆ, ಕನ್ಸೋಲ್ ಪಕ್ಕ ನಿಲ್ಲೋಣ ಅಂತ. 499 ಮತ್ತು ಚಾರ್ಜ್ 58. ವಾಪಸ್ ಮಾಡೋಕೆ ಆಗಲ್ವಂತೆ, ಬೇರೆಯವರ ಹೆಸರಿಗೆ ಬದಲಾಯಿಸಬಹುದಂತೆ. ನನಗೆ 21 ಆಗೋದು ಶೋ ಆದ 17 ದಿನಕ್ಕೆ. ಭಾನುವಾರ ಕಬ್ಬನ್ ಪಾರ್ಕ್‌ಗೆ ಬರುತ್ತೇನೆ, ಆ ಹುಡುಗರು ಯಾವ ಮರದ ಕೆಳಗೆ ಸೇರುತ್ತಾರೆ ಅಂತ ಕಲ್ಗಿ_ತುರಾಯಿ ಅವರು ಹೇಳಿದರೆ ಉಪಕಾರ. ಟಿಕೆಟ್ ಯಾರಿಗಾದರೂ ಬೇಕಾ? 499 ಕೊಡಿ ಸಾಕು, 58 ಬೇಡ.

ಕಲ್ಗಿ_ತುರಾಯಿ:
ಮರದ ಹೆಸರು ಗೊತ್ತಿಲ್ಲವಾ ತಂಗಿ. ದೊಡ್ಡದಿತ್ತು. ಮೆಟ್ರೋ ಕಡೆಯಿಂದ ಒಳಗೆ ಬಂದು ದನಿ ಹಿಡಿದು ನಡೀ, ಸಿಗತೈತಿ.

ಎರಡು_ಟೀಶರ್ಟ್:
ಟಿಕೆಟ್ ನನಗೆ ಬೇಕು. 400ಕ್ಕೆ ಕೊಡ್ತೀಯಾ?